ಇಮ್ಯುನೊಥೆರಪಿ ನಂತರದ ‘ಸುಸ್ತು’: ಹಾರ್ಮೋನ್ ಕಡೆಗೂ ಒಮ್ಮೆ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಮಂಗಳೂರಿನಲ್ಲಿ ಹಾರ್ಮೋನ್ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ವೈದ್ಯ. ಥೈರಾಯ್ಡ್, ಶುಗರ್, ಪಿಟ್ಯುಟರಿ, ಅಡ್ರಿನಲ್, ಇವೇ ನನ್ನ ದಿನನಿತ್ಯದ ಕೆಲಸ. ಹಾಗಾದರೆ ಇವತ್ತು ಕ್ಯಾನ್ಸರ್ ವಿಷಯ ಯಾಕೆ ಎತ್ತಿಕೊಂಡೆ ಅಂತ ನಿಮಗೆ ಅನಿಸಬಹುದು. ಕಾರಣ ಉಂಟು. ಇತ್ತೀಚಿನ ವರ್ಷಗಳಲ್ಲಿ ನನ್ನ ಒಪಿಡಿಗೆ ಕ್ಯಾನ್ಸರ್ ವಿಭಾಗದಿಂದ ಚೀಟಿ ಹಿಡಿದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಕೆಲವರ ಕ್ಯಾನ್ಸರ್ ಚೆನ್ನಾಗಿ ಹಿಡಿತಕ್ಕೆ ಬಂದಿರುತ್ತದೆ, ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿರುತ್ತದೆ. ಆದರೆ ಮನುಷ್ಯ ಮಾತ್ರ ಎದ್ದು ಕೂರುವ ಸ್ಥಿತಿಯಲ್ಲಿ ಇರುವುದಿಲ್ಲ.

ಏನಾಗ್ತದೆ ಅಂತ ಕೇಳಿದರೆ ಒಂದೇ ಉತ್ತರ: ಸುಸ್ತು. ತುಳುವಿನಲ್ಲಿ ಹೇಳುವವರು ‘ಬಚ್ಚೆಲ್’ ಅಂತಾರೆ. ಕಾಸರಗೋಡು ಕಡೆಯಿಂದ ಬರುವವರು ‘ಕ್ಷೀಣಂ’ ಅಂತಾರೆ. ಭಾಷೆ ಯಾವುದಾದರೂ ದೂರು ಒಂದೇ. ಮತ್ತು ಈ ದೂರಿಗೆ ಎಲ್ಲರ ಹತ್ತಿರವೂ ರೆಡಿ ಉತ್ತರ ಇರುತ್ತದೆ: ಕ್ಯಾನ್ಸರ್ ಅಲ್ವಾ, ಸುಸ್ತು ಇದ್ದೇ ಇರ್ತದೆ. ಇಂಜೆಕ್ಷನ್ ಹೀಟ್. ಸೆಕೆ ಬೇರೆ. ವಯಸ್ಸೂ ಆಯ್ತು.

ಇವತ್ತು ನಾನು ಹೇಳಬೇಕು ಅಂತ ಇರುವುದು ಒಂದೇ ಮಾತು. ಇಮ್ಯುನೊಥೆರಪಿ ತೆಗೆದುಕೊಂಡವರ ಸುಸ್ತಿಗೆ ಈ ರೆಡಿ ಉತ್ತರ ಕೊಡುವ ಮೊದಲು ಹಾರ್ಮೋನ್ ಪರೀಕ್ಷೆ ಮಾಡಿಸಿ. ಅದರಲ್ಲಿ ಸಿಗುವ ಸಮಸ್ಯೆಗೆ ಒಳ್ಳೆಯ ಔಷಧ ಇದೆ, ಅದರ ಬೆಲೆಯೂ ಕಡಿಮೆ. ಆದರೆ ಗೊತ್ತಾಗದೆ ಹೋದರೆ ಜೀವಕ್ಕೇ ಅಪಾಯ.

ಬ್ರೇಕ್ ತೆಗೆಯುವ ಔಷಧ

ಮೊದಲು ಇಮ್ಯುನೊಥೆರಪಿ ಅಂದರೆ ಏನು ಅಂತ ನೋಡೋಣ. ಇದು ಕೀಮೊಥೆರಪಿ ಅಲ್ಲ. ಕೀಮೊ ಔಷಧ ನೇರವಾಗಿ ಹೋಗಿ ಬೇಗ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತದ ಕಣ ಕಡಿಮೆ ಆಗುವುದು. ಇಮ್ಯುನೊಥೆರಪಿ ಕ್ಯಾನ್ಸರನ್ನು ತಾನಾಗಿ ಮುಟ್ಟುವುದಿಲ್ಲ. ಅದು ನಮ್ಮದೇ ರೋಗನಿರೋಧಕ ಸೈನ್ಯಕ್ಕೆ ಕೆಲಸ ಮಾಡಲು ಬಿಡುತ್ತದೆ.

ಶಿರಾಡಿ ಘಾಟಿ ಇಳಿಯುವ ಲಾರಿ ನೆನಪು ಮಾಡಿಕೊಳ್ಳಿ. ಬ್ರೇಕ್ ಇಲ್ಲದಿದ್ದರೆ ಆ ಲಾರಿ ಪ್ರಪಾತಕ್ಕೇ ಹೋಗುವುದು. ಹಾಗೆಯೇ ನಮ್ಮ ಟಿ ಕೋಶಗಳಿಗೂ ದೇಹ ಬ್ರೇಕ್ ಇಟ್ಟಿದೆ. ಇಲ್ಲದಿದ್ದರೆ ಅವು ರೋಗಾಣುವಿನ ಜೊತೆಗೆ ನಮ್ಮದೇ ಅಂಗಗಳನ್ನೂ ತಿಂದುಹಾಕುತ್ತವೆ. ಕ್ಯಾನ್ಸರ್ ಕೋಶಗಳು ಬಹಳ ಜಾಣ. ಅವು ಟಿ ಕೋಶ ಹತ್ತಿರ ಬಂದ ಕೂಡಲೇ ಆ ಬ್ರೇಕನ್ನು ಒತ್ತುತ್ತವೆ. ಸೈನಿಕ ಅಲ್ಲೇ ನಿಂತುಬಿಡುತ್ತಾನೆ.

ಈ ಬ್ರೇಕ್‌ಗಳಲ್ಲಿ ಮುಖ್ಯವಾದವು ಎರಡು: ಸಿಟಿಎಲ್‌ಎ-4 ಮತ್ತು ಪಿಡಿ-1. ಇವನ್ನು ತಡೆದರೆ ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡಬಹುದು ಅಂತ ದಾರಿ ತೋರಿಸಿದವರು ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ. ಇಬ್ಬರಿಗೂ 2018ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಮೊದಲ ಔಷಧ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಬಂದವು. ಆಮೇಲೆ ಅಟೆಜೊಲಿಜುಮ್ಯಾಬ್, ಡುರ್ವಾಲುಮ್ಯಾಬ್ ಹೀಗೆ ಸಾಲು ಬೆಳೆಯಿತು. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧದ ಹೆಸರು ‘ಮ್ಯಾಬ್’ ಅಂತ ಮುಗಿದರೆ, ಅದು ಈ ಗುಂಪಿನದ್ದಾ ಅಂತ ಡಾಕ್ಟರಲ್ಲಿ ಒಮ್ಮೆ ಕೇಳಿ. ಎಲ್ಲ ‘ಮ್ಯಾಬ್’ಗಳೂ ಬ್ರೇಕ್ ತೆಗೆಯುವವಲ್ಲ, ಆದ್ದರಿಂದ ಕೇಳುವುದು ಒಳ್ಳೆಯದು.

ಇವು ದುಬಾರಿ ಔಷಧ. ಪೂರ್ತಿ ಡೋಸ್‌ನ ಲೆಕ್ಕ ಲಕ್ಷಗಳಲ್ಲೇ ಹೋಗುತ್ತದೆ. ಆದರೆ ನಮ್ಮ ದೇಶದಲ್ಲಿ ಒಂದು ಮುಖ್ಯ ಕೆಲಸ ಆಗಿದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲು, ತಲೆ–ಕುತ್ತಿಗೆ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಕಡಿಮೆ ಖರ್ಚಿನ ಬಾಯಿ ಮಾತ್ರೆಗಳ ಜೊತೆಗೆ 3 ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಸಾಮಾನ್ಯ ಡೋಸ್ 2 ವಾರಕ್ಕೊಮ್ಮೆ 240 ಮಿಲಿಗ್ರಾಂ, ಅಂದರೆ ಇದು ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಮಾತ್ರೆ ಮಾತ್ರ ಪಡೆದವರಲ್ಲಿ ಶೇ 16.3, ನಿವೊಲುಮ್ಯಾಬ್ ಕೂಡ ಪಡೆದವರಲ್ಲಿ ಶೇ 43.4. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಎಲೆ ಅಡಿಕೆ, ತಂಬಾಕು, ಬೀಡಿ ಇರುವ ನಮ್ಮ ಕರಾವಳಿಗೆ ಇದು ದೊಡ್ಡ ಸುದ್ದಿ. ಹೀಗೆ ಬಳಕೆ ಹೆಚ್ಚಾದ ಹಾಗೆ, ಈ ಔಷಧ ಪಡೆದವರು ಸುಳ್ಯದಲ್ಲೂ ಸಿಗ್ತಾರೆ, ಬೈಂದೂರಿನಲ್ಲೂ ಸಿಗ್ತಾರೆ, ಮಂಜೇಶ್ವರದಲ್ಲೂ ಸಿಗ್ತಾರೆ. ಹಾಗಾಗಿ ಇದರ ಅಡ್ಡಪರಿಣಾಮ ದೊಡ್ಡ ಆಸ್ಪತ್ರೆಯ ಕ್ಯಾನ್ಸರ್ ವಿಭಾಗಕ್ಕೆ ಮಾತ್ರ ಗೊತ್ತಿದ್ದರೆ ಸಾಲದು. ಡೋಸ್ ಕಡಿಮೆ ಅಂದ ಮಾತ್ರಕ್ಕೆ ಹಾರ್ಮೋನ್ ಪರೀಕ್ಷೆ ಬಿಡಬಹುದು ಅಂತಲೂ ಅಲ್ಲ.

ಗ್ರಂಥಿಗಳ ಮೇಲೆ ಯಾಕೆ?

ಬ್ರೇಕ್ ತೆಗೆದ ಲಾರಿ ನಾವು ಹೇಳಿದ ಕಡೆಗೆ ಮಾತ್ರ ಹೋಗುವುದಿಲ್ಲ ಅಲ್ವಾ? ಸೈನ್ಯ ಕ್ಯಾನ್ಸರ್ ಮೇಲೆ ಹೋಗುವಾಗ ಕೆಲವರಲ್ಲಿ ಚರ್ಮ, ಕರುಳು, ಶ್ವಾಸಕೋಶ, ಲಿವರ್ ಮೇಲೂ ದಾಳಿ ಮಾಡುತ್ತದೆ. ಹಾರ್ಮೋನ್ ಗ್ರಂಥಿಗಳೂ ಈ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇವೆ.

2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 38 ಅಧ್ಯಯನಗಳ 7,551 ರೋಗಿಗಳನ್ನು ಒಟ್ಟಿಗೆ ಸೇರಿಸಿ ನೋಡಿತು. ಥೈರಾಯ್ಡ್ ಕಡಿಮೆ ಆದದ್ದು ಶೇ 6.6 ಜನರಲ್ಲಿ, ಹೆಚ್ಚಾದದ್ದು ಶೇ 2.9 ಜನರಲ್ಲಿ. ಪಿಟ್ಯುಟರಿ ಉರಿಯೂತ ಒಟ್ಟಿನಲ್ಲಿ ಶೇ 1.3. ಆದರೆ ಎರಡೂ ಬ್ರೇಕ್‌ಗಳನ್ನು ಒಟ್ಟಿಗೆ ತೆಗೆದವರಲ್ಲಿ ಅದೇ ಶೇ 6.4ಕ್ಕೆ ಏರಿತ್ತು. ಅಡ್ರಿನಲ್ ಸೋಲು ಶೇ 0.7. ಹೊಸದಾಗಿ ಇನ್ಸುಲಿನ್ ಬೇಕಾಗುವ ಡಯಾಬಿಟಿಸ್ ಶೇ 0.2. ಸಂಖ್ಯೆ ಚಿಕ್ಕದು ಅಂತ ಅನಿಸಬಹುದು. ಹೌದು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಹೆದರುವ ಅಗತ್ಯ ಇಲ್ಲ. ಆದರೆ ಆ ನೂರರಲ್ಲಿ ಒಬ್ಬರು ನಮ್ಮ ಮನೆಯವರೇ ಆದಾಗ ಶೇಕಡಾ ಲೆಕ್ಕದಿಂದ ಸಮಾಧಾನ ಸಿಗುವುದಿಲ್ಲ.

ಇನ್ನೊಂದು ವಿಷಯ. ಕರುಳಿನ ಅಥವಾ ಲಿವರಿನ ತೊಂದರೆ ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಗ್ರಂಥಿ ಹಾಗಲ್ಲ. ಒಮ್ಮೆ ಹಾಳಾದ ಗ್ರಂಥಿ ಹೆಚ್ಚಿನವರಲ್ಲಿ ಮತ್ತೆ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ. ಕೇಳಲು ಬೇಸರದ ಸುದ್ದಿ. ಆದರೆ ಒಳ್ಳೆಯ ಸುದ್ದಿಯೂ ಇಲ್ಲೇ ಉಂಟು. ಗ್ರಂಥಿ ತಯಾರು ಮಾಡುತ್ತಿದ್ದ ಹಾರ್ಮೋನನ್ನು ನಾವು ಹೊರಗಿನಿಂದ ಕೊಡಬಹುದು. ಹೆಚ್ಚಿನ ಸಂದರ್ಭದಲ್ಲಿ ಇಮ್ಯುನೊಥೆರಪಿಯನ್ನು ಶಾಶ್ವತವಾಗಿ ನಿಲ್ಲಿಸಬೇಕಾಗಿಯೂ ಇಲ್ಲ. ಸ್ಥಿತಿ ಸ್ಥಿರವಾದ ಮೇಲೆ ಕ್ಯಾನ್ಸರ್ ಡಾಕ್ಟರ್ ನೋಡಿ ಮುಂದುವರಿಸಬಹುದು.

ಥೈರಾಯ್ಡ್: ಮೊದಲು ಏರಿ ಆಮೇಲೆ ಇಳಿಯುವುದು

ಎಲ್ಲಕ್ಕಿಂತ ಸಾಮಾನ್ಯ ಇದು. ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬರುತ್ತದೆ. ಒಳಗೆ ಶೇಖರಣೆ ಆಗಿದ್ದ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ಸುರಿಯುತ್ತದೆ. ಆಗ ಎದೆ ಡಬಡಬ, ಕೈ ನಡುಕ, ಬೆವರು, ತೂಕ ಇಳಿಯುವುದು. ಮಂಗಳೂರಿನ ಮೇ ತಿಂಗಳಲ್ಲಿ ಬೆವರುವುದನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಡಿ! ಕೆಲವರಿಗೆ ಈ ಹಂತ ಗೊತ್ತೇ ಆಗದೆ ದಾಟಿ ಹೋಗುತ್ತದೆ.

ಇಲ್ಲಿ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿಲ್ಲ, ಒಡೆದ ಟ್ಯಾಂಕಿಯ ಹಾಗೆ ಸೋರುತ್ತಿದೆ ಅಷ್ಟೇ. ಆದ್ದರಿಂದ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯಿಂದ ಪ್ರಯೋಜನ ಇಲ್ಲ. ಎದೆಬಡಿತಕ್ಕೆ ಬೀಟಾ ಬ್ಲಾಕರ್ ಕೊಟ್ಟು ಕಾಯುತ್ತೇವೆ. ಟ್ಯಾಂಕಿ ಖಾಲಿ ಆದ ಮೇಲೆ ಎರಡನೇ ಹಂತ: ಹಾರ್ಮೋನ್ ಕಡಿಮೆ. ಆಗ ಸುಸ್ತು, ಮಲಬದ್ಧತೆ, ಮುಖ ಊದುವುದು, ಸ್ವರ ದಪ್ಪ ಆಗುವುದು, ಎಲ್ಲರಿಗೂ ಸೆಕೆ ಆಗುವಾಗ ಇವರಿಗೆ ಮಾತ್ರ ಚಳಿ. ಚಿಕಿತ್ಸೆ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಚಹಾ ಕಾಫಿಗಿಂತ ಅರ್ಧ–ಒಂದು ಗಂಟೆ ಮೊದಲು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಸಣ್ಣ ಡೋಸ್‌ನಿಂದ ಶುರು ಮಾಡುತ್ತೇವೆ.

ಥೈರಾಯ್ಡ್ ಹೀಗಾದವರಲ್ಲಿ ಕ್ಯಾನ್ಸರ್ ಫಲಿತಾಂಶ ಸ್ವಲ್ಪ ಉತ್ತಮ ಇರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಸೈನ್ಯ ಎಚ್ಚರ ಆಗಿದೆ ಅನ್ನುವ ಸೂಚನೆ ಇರಬಹುದು. ಹಾಗಾಗಿ ಟಿಎಸ್‌ಎಚ್ ಏರಿತು ಅಂತ ರಿಪೋರ್ಟ್ ಹಿಡಿದು ಅಳಬೇಡಿ.

ಪಿಟ್ಯುಟರಿ ಮತ್ತು ಅಡ್ರಿನಲ್: ಜೀವಕ್ಕೇ ಬರುವುದು ಇದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಎರಡು ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ, ಅಡ್ರಿನಲ್. ಅವು ಕಾರ್ಟಿಸಾಲ್ ಅನ್ನುವ ಹಾರ್ಮೋನ್ ತಯಾರಿಸುತ್ತವೆ. ಬಿಪಿ ನಿಲ್ಲುವುದು, ರಕ್ತದಲ್ಲಿ ಸಕ್ಕರೆ ನಿಲ್ಲುವುದು, ಜ್ವರ ಬಂದಾಗ ದೇಹ ತಡೆದುಕೊಳ್ಳುವುದು ಎಲ್ಲ ಇದರಿಂದ. ಕಾರ್ಟಿಸಾಲ್ ಮಾಡು ಅಂತ ಆಜ್ಞೆ ಕೊಡುವುದು ಮೆದುಳಿನ ಬುಡದಲ್ಲಿರುವ ಕಡಲೆ ಕಾಳಿನಷ್ಟು ದೊಡ್ಡ ಪಿಟ್ಯುಟರಿ. ಇಮ್ಯುನೊಥೆರಪಿಯಿಂದ ಆಜ್ಞೆ ಕೊಡುವ ಪಿಟ್ಯುಟರಿ ಹಾಳಾಗಬಹುದು, ಅಪರೂಪಕ್ಕೆ ಅಡ್ರಿನಲ್ಲೇ ಹಾಳಾಗಬಹುದು. ಎರಡರಲ್ಲೂ ಕೊನೆಗೆ ಕಾರ್ಟಿಸಾಲ್ ಇರುವುದಿಲ್ಲ.

ಇಪಿಲಿಮುಮ್ಯಾಬ್‌ನಲ್ಲಿ ಇದು ಹೆಚ್ಚಾಗಿ 2–3 ತಿಂಗಳ ಹೊತ್ತಿಗೆ, ತಲೆನೋವಿನ ಜೊತೆ ಬರುತ್ತದೆ. ಪಿಡಿ-1 ಗುಂಪಿನ ಔಷಧಗಳಲ್ಲಿ ತಡವಾಗಿ, ತಲೆನೋವೂ ಇಲ್ಲದೆ, ಸದ್ದಿಲ್ಲದೆ ಬರಬಹುದು. ಎಂಆರ್‌ಐ ಕೂಡ ನಾರ್ಮಲ್ ಇರಬಹುದು. ಕೆಲವೊಮ್ಮೆ ಕೊನೆಯ ಇಂಜೆಕ್ಷನ್ ಆಗಿ ತಿಂಗಳುಗಳ ಮೇಲೂ ಬರುತ್ತದೆ. ‘ಟ್ರೀಟ್‌ಮೆಂಟ್ ಮುಗಿದು ಆರು ತಿಂಗಳಾಯ್ತಲ್ಲ ಡಾಕ್ಟ್ರೇ’ ಅಂದರೆ ಅದು ಸಮಾಧಾನದ ಕಾರಣ ಅಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಘಟ್ಟದ ಬುಡದ ಒಂದು ಊರಿನ ಅಡಿಕೆ ಕೃಷಿಕರು, ಶ್ವಾಸಕೋಶದ ಕ್ಯಾನ್ಸರ್. ಕೀಮೊ ಮತ್ತು ಪೆಂಬ್ರೊಲಿಜುಮ್ಯಾಬ್ ಒಟ್ಟಿಗೆ 4 ಸಲ ಆಯ್ತು. ಆಮೇಲೆ ಪೆಂಬ್ರೊಲಿಜುಮ್ಯಾಬ್ ಮಾತ್ರ. ಗಡ್ಡೆ ಚೆನ್ನಾಗಿ ಕುಗ್ಗಿತ್ತು. ಆದರೆ ಮನುಷ್ಯ ಅಂಗಳ ದಾಟಿ ತೋಟಕ್ಕೆ ಹೋಗುತ್ತಿರಲಿಲ್ಲ. ಊಟ ಸೇರುವುದಿಲ್ಲ, ವಾಕರಿಕೆ, ನಿಂತರೆ ತಲೆ ತಿರುಗುವುದು. ಊರಿನ ಹತ್ತಿರ ಎರಡು ಸಲ ಗ್ಲೂಕೋಸ್ ಡ್ರಿಪ್ ಹಾಕಿಸಿದರು. ಎರಡು ದಿನ ಪರವಾಗಿಲ್ಲ, ಮತ್ತೆ ಅದೇ. ಮನೆಯವರು ಕ್ಯಾನ್ಸರ್ ವಾಪಸ್ ಬಂತು ಅಂತ ತೀರ್ಮಾನ ಮಾಡಿ ಆಗಿತ್ತು.

ಅವರ ಹೆಂಡತಿ ನನ್ನ ಎದುರು ಕೂತು ಒಂದು ಮಾತು ಹೇಳಿದರು. ‘ಮೊದಲು ಪ್ರತಿ ಸಲ ಆ ದೊಡ್ಡ ಇಂಜೆಕ್ಷನ್ ಕೊಟ್ಟು ಬಂದ ಮೇಲೆ ಮೂರು ದಿನ ಚೆನ್ನಾಗಿ ಇರ್ತಿದ್ರು. ಎದ್ದು ಕೂತು ಮಾತಾಡ್ತಿದ್ರು. ಈಗ ಆ ಮೂರು ದಿನವೂ ಇಲ್ಲ.’

ನೋಡಿ, ಕೀಮೊ ಕೊಟ್ಟ ದಿನ ಜನ ಸುಸ್ತಾಗಬೇಕು. ಇವರು ಯಾಕೆ ಚುರುಕಾಗುತ್ತಿದ್ದರು? ಕೀಮೊ ಜೊತೆಗೆ ವಾಂತಿ ಬಾರದ ಹಾಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಅಂದರೆ ಅವರ ದೇಹಕ್ಕೆ ಇಲ್ಲದ ಹಾರ್ಮೋನ್ ಆ ಮೂರು ದಿನ ಹೊರಗಿನಿಂದ ಸಿಗುತ್ತಿತ್ತು. ಕೀಮೊ ನಿಂತ ಮೇಲೆ ಅದೂ ನಿಂತಿತು. ಬೆಳಿಗ್ಗೆ 8 ಗಂಟೆಗೆ ರಕ್ತ ತೆಗೆದು ಕಾರ್ಟಿಸಾಲ್ ನೋಡಿದೆವು. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಿಟ್ಯುಟರಿಯ ಆಜ್ಞೆಯ ಹಾರ್ಮೋನ್ ಎಸಿಟಿಎಚ್ ಕೂಡ ಕಡಿಮೆ. ಸೋಡಿಯಂ ಕೆಳಗೆ. ಹೈಡ್ರೊಕಾರ್ಟಿಸೋನ್ ಶುರು ಮಾಡಿದೆವು. ಮೂರನೇ ದಿನ ವಾರ್ಡಿನಲ್ಲಿ ಅವರು ಮೀನು ಸಾರು ಕೇಳಿದರು ಅಂತ ನರ್ಸ್ ಬಂದು ಹೇಳಿದರು.

ಇಲ್ಲಿ ರೋಗ ಕಂಡುಹಿಡಿದದ್ದು ಅರ್ಧ ಆ ಹೆಂಗಸೇ. ಅದಕ್ಕೆ ನಾನು ಮನೆಯವರಿಗೆ ಹೇಳುವುದು, ಒಂದು ಸಣ್ಣ ಪುಸ್ತಕ ಇಡಿ. ಯಾವ ದಿನ ಇಂಜೆಕ್ಷನ್, ಯಾವ ದಿನ ಹೇಗಿದ್ದರು, ತೂಕ ಎಷ್ಟು, ಬಿಪಿ ಎಷ್ಟು. ಅದರಲ್ಲಿ ಕಾಣುವ ಸಂಗತಿ ಎಷ್ಟೋ ಸಲ ನಮ್ಮ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ಪರೀಕ್ಷೆಯ ಎರಡು ಸೂಕ್ಷ್ಮಗಳನ್ನೂ ಹೇಳಿಬಿಡುತ್ತೇನೆ. ಒಂದು, ಕಾರ್ಟಿಸಾಲ್ ಪರೀಕ್ಷೆಗೆ ಬೆಳಿಗ್ಗೆ 8–9 ಗಂಟೆಗೆ ರಕ್ತ ಕೊಡಬೇಕು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಎರಡು, ಥೈರಾಯ್ಡ್‌ಗೆ ಟಿಎಸ್‌ಎಚ್ ಒಂದೇ ನೋಡಿದರೆ ಸಾಲದು. ಪಿಟ್ಯುಟರಿ ಹಾಳಾದವರಲ್ಲಿ ಟಿಎಸ್‌ಎಚ್ ನಾರ್ಮಲ್ ಅಂತ ಕಾಣಿಸಬಹುದು, ಆದರೆ ಫ್ರೀ ಟಿ4 ಕೆಳಗಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿ.

ಮತ್ತೆ ಇದನ್ನು ವೈದ್ಯ ಮಿತ್ರರಿಗೂ ಹೇಳುತ್ತೇನೆ: ಕಾರ್ಟಿಸಾಲ್ ಮತ್ತು ಥೈರಾಯ್ಡ್ ಎರಡೂ ಕಡಿಮೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಿರುಗಾಮುರುಗಾ ಆದರೆ ರೋಗಿ ಅಡ್ರಿನಲ್ ಕ್ರೈಸಿಸ್‌ಗೆ ಹೋಗಬಹುದು.

ಒಮ್ಮೆಲೇ ಬರುವ ಶುಗರ್

ಮೂರನೆಯದು ಅಪರೂಪ, ಆದರೆ ವೇಗ ಜಾಸ್ತಿ. ಟಿ ಕೋಶಗಳು ಮೇದೋಜೀರಕದ ಇನ್ಸುಲಿನ್ ಕೋಶಗಳನ್ನು ನಾಶ ಮಾಡುತ್ತವೆ. ನಮ್ಮ ಊರಲ್ಲಿ ಮನೆಗೊಬ್ಬರಿಗೆ ಶುಗರ್ ಉಂಟು. ಹಾಗಾಗಿ ‘ಶುಗರ್ ಸ್ವಲ್ಪ ಏರಿದೆ, ಮಾತ್ರೆ ಜಾಸ್ತಿ ಮಾಡೋಣ’ ಅನ್ನುವುದು ಸುಲಭ. ಆದರೆ ಇದು ಆ ಶುಗರ್ ಅಲ್ಲ. ದಿನಗಳಲ್ಲಿ, ವಾರಗಳಲ್ಲಿ ಏರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇನ್ನೂ ಹೆಚ್ಚು ಏರಿರುವುದಿಲ್ಲ, ಯಾಕೆಂದರೆ ಮೂರು ತಿಂಗಳೇ ಆಗಿಲ್ಲ. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ವಾಂತಿ, ಹೊಟ್ಟೆನೋವು, ಜೋರು ಜೋರಾಗಿ ಉಸಿರಾಟ, ಹೀಗಿದ್ದರೆ ಮರುದಿನಕ್ಕೆ ಕಾಯಬೇಡಿ. ಕೀಟೋನ್ ನೋಡಬೇಕು, ಸಿ-ಪೆಪ್ಟೈಡ್ ನೋಡಬೇಕು, ಇನ್ಸುಲಿನ್ ಕೊಡಲೇಬೇಕು. ಮಾತ್ರೆ ಸಾಲುವುದಿಲ್ಲ. ಈ ಇನ್ಸುಲಿನ್ ಬದುಕಿಡೀ ಬೇಕಾಗುತ್ತದೆ, ಮಧ್ಯದಲ್ಲಿ ಬಿಡುವ ಹಾಗಿಲ್ಲ.

ಸ್ಟೀರಾಯ್ಡ್ ಅಂದರೆ ಹೆದರಿಕೆ

ನಾನು ಹೆಚ್ಚು ಹೊತ್ತು ಮಾತಾಡಬೇಕಾಗಿ ಬರುವುದು ಇದೇ ವಿಷಯದ ಮೇಲೆ. ‘ಸ್ಟೀರಾಯ್ಡಾ? ಬೇಡ ಡಾಕ್ಟ್ರೇ, ಕಿಡ್ನಿ ಹೋಗ್ತದೆ.’ ಮದುವೆ ಮನೆಯಲ್ಲಿ ಯಾರೋ ಹೇಳಿರುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿರುತ್ತಾರೆ. ರೋಗಿ ಸ್ವಲ್ಪ ಚೇತರಿಸಿದ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ.

ಅರ್ಥ ಮಾಡಿಕೊಳ್ಳಿ. ಹೆಚ್ಚು ಡೋಸ್ ಸ್ಟೀರಾಯ್ಡ್ ಬಹಳ ದಿನ ತೆಗೆದುಕೊಂಡರೆ ತೊಂದರೆ ಇರುವುದು ನಿಜ. ಇಲ್ಲಿ ಕೊಡುವುದು ಅದಲ್ಲ. ನಿಮ್ಮ ದೇಹವೇ ದಿನಾ ಮಾಡುತ್ತಿದ್ದಷ್ಟನ್ನು, ಈಗ ಮಾಡಲಾಗದ್ದನ್ನು, ನಾವು ಮಾತ್ರೆಯಲ್ಲಿ ಕೊಡುತ್ತೇವೆ. ಹೈಡ್ರೊಕಾರ್ಟಿಸೋನ್ ಆದರೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿಲಿಗ್ರಾಂ, ಎರಡು ಮೂರು ಭಾಗ ಮಾಡಿ, ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಭಾಗ. ಬಾವಿ ಬತ್ತಿದ ಮನೆಗೆ ಟ್ಯಾಂಕರ್ ನೀರು ತರಿಸಿದ ಹಾಗೆ. ಟ್ಯಾಂಕರ್ ನೀರು ಅಭ್ಯಾಸ ಆಗ್ತದೆ ಅಂತ ಯಾರಾದರೂ ಬಾಯಾರಿ ಕೂರುತ್ತಾರಾ? ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ. ಲಕ್ಷಗಟ್ಟಲೆ ಖರ್ಚು ಮಾಡಿ ಕ್ಯಾನ್ಸರ್ ಹಿಡಿತಕ್ಕೆ ತಂದು, ಇಷ್ಟು ಕಡಿಮೆ ಬೆಲೆಯ ಮಾತ್ರೆ ಬಿಟ್ಟು ಜೀವ ಕಳೆದುಕೊಳ್ಳುವುದು ಬೇಡ ಮಾರಾಯ್ರೆ.

ನಮ್ಮ ಮಳೆಗಾಲ, ನಮ್ಮ ಉಪವಾಸ

ಆರೋಗ್ಯವಂತರಿಗೆ ಜ್ವರ ಬಂದಾಗ ಅಡ್ರಿನಲ್ ತಾನಾಗಿಯೇ ಕಾರ್ಟಿಸಾಲ್ ಹೆಚ್ಚು ಮಾಡುತ್ತದೆ. ಇವರಿಗೆ ಆ ವ್ಯವಸ್ಥೆ ಇಲ್ಲ. ಹಾಗಾಗಿ ಜ್ವರ ಬಂದ ದಿನ ಮಾತ್ರೆ ಎರಡರಷ್ಟು, ಜೋರು ಜ್ವರ ಆದರೆ ಮೂರರಷ್ಟು, ಜ್ವರ ಬಿಟ್ಟ ಮೇಲೆ ಮತ್ತೆ ಮೊದಲಿನ ಡೋಸ್. ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಮಂಗಳೂರಿನ ಜೂನ್–ಜುಲೈ ಗೊತ್ತಲ್ಲ, ಡೆಂಗಿ, ಮಲೇರಿಯಾ, ಇಲಿಜ್ವರ. ಬೇರೆ ಊರಿನವರಿಗಿಂತ ನಮಗೆ ಈ ನಿಯಮ ಹೆಚ್ಚು ಸಲ ಬೇಕಾಗುತ್ತದೆ.

ವಾಂತಿ–ಭೇದಿ ಆಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕೂರಬಾರದು. ಹತ್ತಿರದ ಆಸ್ಪತ್ರೆಗೆ ಹೋಗಿ. 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್ ಬೇಕು. ಉಬ್ಬಸಕ್ಕೆ, ಅಲರ್ಜಿಗೆ ಕೊಡುವ ಅದೇ ಇಂಜೆಕ್ಷನ್, ತುರ್ತು ಚಿಕಿತ್ಸಾ ಟ್ರೇಯಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಅಂದರೆ ಔಷಧ ಅಲ್ಲೇ ಇದೆ. ಆದರೆ ಎದುರಿಗೆ ಮಲಗಿದ ರೋಗಿಗೆ ಅದು ಬೇಕು ಅನ್ನುವ ಮಾಹಿತಿ ಅಲ್ಲಿಗೆ ತಲುಪಬೇಕು. ರಾತ್ರಿ ಹನ್ನೊಂದು ಗಂಟೆಗೆ ಡ್ಯೂಟಿಯಲ್ಲಿರುವ ಯುವ ಡಾಕ್ಟರ್ ನಿಮ್ಮ ಹಳೆಯ ಫೈಲ್ ನೋಡಿರುವುದಿಲ್ಲ. ಕಿಸೆಯಲ್ಲಿ ಒಂದು ಕಾರ್ಡ್ ಇರಲಿ: ‘ನನಗೆ ಅಡ್ರಿನಲ್ ಕೊರತೆ ಇದೆ. ಇಮ್ಯುನೊಥೆರಪಿ ಆಗಿದೆ. ತುರ್ತಿನಲ್ಲಿ ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಕೊಡಿ.’ ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. ತಲಪಾಡಿ ಆಚೆಯವರು ಮಲಯಾಳದಲ್ಲೂ ಬರೆಸಿಕೊಳ್ಳಿ. ಚಿಕಿತ್ಸೆ ಮಂಗಳೂರಿನಲ್ಲಿ, ಮನೆ ಕಾಸರಗೋಡು ಅಥವಾ ಕೊಡಗಿನಲ್ಲಿ ಇರುವವರಿಗೆ ಈ ಕಾರ್ಡೇ ಫೈಲ್.

ಉಪವಾಸದ ವಿಷಯ. ಏಕಾದಶಿ ಇರಲಿ, ರಂಜಾನ್ ಇರಲಿ, ಲೆಂಟ್ ಇರಲಿ, ಕಾರ್ಟಿಸಾಲ್ ಕೊರತೆ ಇದ್ದವರು ತಮ್ಮಷ್ಟಕ್ಕೆ ಮಾತ್ರೆ ಬಿಟ್ಟು ನಿರಾಹಾರ ಕೂರಬೇಡಿ. ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಕಾಯಿಲೆಯವರಿಗೆ ಎಲ್ಲ ಧರ್ಮದಲ್ಲೂ ವಿನಾಯಿತಿ ಉಂಟು. ಹಲ್ಲು ಕೀಳಿಸುವಾಗ, ಆಪರೇಷನ್ ಆಗುವಾಗಲೂ ಮೊದಲೇ ತಿಳಿಸಿ.

ಇನ್ನು ಉಪ್ಪು. ಅಡ್ರಿನಲ್ ಗ್ರಂಥಿಯೇ ಹಾಳಾದವರಿಗೆ ಉಪ್ಪಿನ ಆಸೆ ಹೆಚ್ಚಾಗಬಹುದು. ಗಂಜಿಗೆ ಎರಡು ಸಲ ಉಪ್ಪು ಹಾಕಿಕೊಂಡು ಉಪ್ಪಿನಕಾಯಿ ಕೇಳುತ್ತಾರೆ. ಚರ್ಮ, ಅಂಗೈ ಗೆರೆ ಕಪ್ಪಾಗುವುದೂ ಉಂಟು. ಬಿಪಿ ಉಂಟು, ಉಪ್ಪು ಬೇಡ ಅಂತ ಗದರುವ ಮೊದಲು ಬಿಪಿ ಒಮ್ಮೆ ನೋಡಿ. ಮೊದಲು ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಬಿಪಿ ತಾನಾಗಿಯೇ ಇಳಿದರೆ ಅದು ಗುಣ ಆದ ಲಕ್ಷಣ ಅಂತ ಖುಷಿ ಪಡುವ ಹಾಗಿಲ್ಲ.

ಏನು ಕೇಳಬೇಕು

ಹಾಗಾದರೆ ಇಮ್ಯುನೊಥೆರಪಿ ಶುರು ಮಾಡುವವರು ಏನು ಮಾಡಬೇಕು? ಶುರುವಿಗೆ ಮೊದಲು ಟಿಎಸ್‌ಎಚ್, ಫ್ರೀ ಟಿ4, ಶುಗರ್, ಸೋಡಿಯಂ–ಪೊಟ್ಯಾಶಿಯಂ, ಬೆಳಗಿನ ಕಾರ್ಟಿಸಾಲ್ ಒಮ್ಮೆ ಆಗಿರಲಿ. ಆಮೇಲೆ ಹೋಲಿಸಲು ಬೇಕಾಗುತ್ತದೆ. ಚಿಕಿತ್ಸೆ ನಡೆಯುವಾಗ ಥೈರಾಯ್ಡ್ ಪರೀಕ್ಷೆ 4–6 ವಾರಕ್ಕೊಮ್ಮೆ, ಶುಗರ್ ಪ್ರತಿ ಸಲ ಹೋದಾಗ. ಸುಸ್ತು ಇದ್ದಕ್ಕಿದ್ದ ಹಾಗೆ ಹೆಚ್ಚಾದರೆ, ಹೊಸ ತಲೆನೋವು, ವಾಂತಿ, ತಲೆ ತಿರುಗುವುದು, ವಿಪರೀತ ಬಾಯಾರಿಕೆ ಬಂದರೆ ಮುಂದಿನ ಡೇಟ್‌ಗೆ ಕಾಯಬೇಡಿ, ಫೋನ್ ಮಾಡಿ. ಹೆಂಗಸರು ಮುಟ್ಟು ನಿಂತರೆ, ಗಂಡಸರು ಲೈಂಗಿಕ ಆಸಕ್ತಿ ಪೂರ್ತಿ ಹೋದರೆ ನಾಚಿಕೆ ಬಿಟ್ಟು ಹೇಳಿ. ಅದೂ ಪಿಟ್ಯುಟರಿಯ ಸೂಚನೆ ಇರಬಹುದು.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿನಲ್ಲಿ ಹೇಳಿ. ಅದು ಕೆಲವು ಥೈರಾಯ್ಡ್ ರಿಪೋರ್ಟ್‌ಗಳನ್ನು ತಪ್ಪಾಗಿ ತೋರಿಸುತ್ತದೆ.

ಮತ್ತು ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ‘ಇದು ಹಾರ್ಮೋನಿನಿಂದ ಇರಬಹುದಾ?’ ಹೀಗೆ ಕೇಳಿದರೆ ಡಾಕ್ಟರಿಗೆ ಬೇಸರ ಆಗ್ತದೆ ಅಂತ ಅಂದುಕೊಳ್ಳಬೇಡಿ. ಒಂದೇ ಒಪಿಡಿಯಲ್ಲಿ ಎಷ್ಟೋ ಜನರನ್ನು ನೋಡುವ ನಮಗೆ ಇಂಥ ಒಂದು ಪ್ರಶ್ನೆ ನೆನಪಿನ ಗಂಟೆ ಬಾರಿಸಿದ ಹಾಗೆ.

ಎಲ್ಲ ಸುಸ್ತೂ ಹಾರ್ಮೋನಿನದ್ದಲ್ಲ. ರಕ್ತ ಕಡಿಮೆ ಇರಬಹುದು, ನಿದ್ದೆ ಇಲ್ಲದಿರಬಹುದು, ಮನಸ್ಸು ಕುಸಿದಿರಬಹುದು, ಕ್ಯಾನ್ಸರ್ ಕೂಡ ಕಾರಣ ಇರಬಹುದು. ಆದರೆ ಹಾರ್ಮೋನಿನ ಸುಸ್ತು ಒಂದು ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ, ಒಂದು ಮಾತ್ರೆಯಲ್ಲಿ ಸರಿ ಹೋಗುತ್ತದೆ. ಸರಿ ಮಾಡಬಹುದಾದದ್ದನ್ನು ಮೊದಲು ಹುಡುಕೋಣ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಈ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಈ ಸಂಚಿಕೆಯನ್ನು ಅವರಿಗೆ ಕಳಿಸಿ. ಔಷಧದ ಡೋಸ್ ವಿಷಯ ನಾನು ಹೇಳಿದ್ದು ತಿಳಿವಳಿಕೆಗೆ ಮಾತ್ರ, ನಿಮ್ಮ ಡೋಸ್ ನಿಮ್ಮ ಡಾಕ್ಟರೇ ನಿಗದಿ ಮಾಡಬೇಕು.